ಪದಚರ್ಚೆ: ಬೆಲೆಗೆ 'ಜಗ್ಗುವ' ಬೇಡಿಕೆ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ,

ತಂಬಾಕು ತೆರಿಗೆ ಕುರಿತ ಒಂದು ಕರಪತ್ರವನ್ನು ಕನ್ನಡಕ್ಕೆ ತರುತ್ತಿದ್ದೇನೆ. 'ಇಲಾಸ್ಟಿಸಿಟಿ' ಹತ್ತಿರ ಬಂದು ಸಿಕ್ಕಿಹಾಕಿಕೊಂಡೆ. ಪಠ್ಯಪುಸ್ತಕಗಳಲ್ಲಿ ಇದಕ್ಕೆ 'ಸ್ಥಿತಿಸ್ಥಾಪಕತ್ವ' ಎಂದಿದೆ. ಹಾಗಾಗಿ ನನ್ನ ಮೊದಲ ಕರಡಿನಲ್ಲಿ "ತಂಬಾಕಿನ ಬೇಡಿಕೆ ಕಡಿಮೆ ಸ್ಥಿತಿಸ್ಥಾಪಕವಾದುದು" ಎಂಬ ವಾಕ್ಯ ಬಂತು. ಓದಿದರೆ ನನಗೇ ನಾಲಿಗೆ ತೊಡರಿತು. ಅದೂ ಅಲ್ಲದೆ ಆ ಪದ ಕೇಳಿದರೆ ರಬ್ಬರು, ಸ್ಪ್ರಿಂಗು ನೆನಪಾಗುತ್ತದೆ. ನಮಗೆ ಬೇಕಿರುವ ಅರ್ಥ ಇಷ್ಟೇ: ಬೆಲೆ ಏರಿದಾಗ ಕೊಳ್ಳುವವರು ಎಷ್ಟು ಹಿಂದೆ ಸರಿಯುತ್ತಾರೆ.

ಆಗ ಹೊಳೆದದ್ದು 'ಜಗ್ಗು'. "ಏನು ಹೇಳಿದರೂ ಜಗ್ಗಲ್ಲ" ಅಂತೀವಲ್ವಾ, ಅದೇ. ಸಿಗರೇಟಿನ ಬಗ್ಗೆಯೂ ಜನ ಹೇಳೋದು ಹಾಗೇ: ಚಟ ಅದು, ಬೆಲೆಗೆಲ್ಲ ಜಗ್ಗಲ್ಲ ಅಂತ. ಆದರೆ ಜಗ್ಗುತ್ತದೆ. ಬೆಲೆ ಶೇ 10 ಏರಿದರೆ ಸೇವನೆ ಶ್ರೀಮಂತ ದೇಶಗಳಲ್ಲಿ ಸುಮಾರು ಶೇ 4, ಬಡ ಹಾಗೂ ಮಧ್ಯಮ ಆದಾಯದ ದೇಶಗಳಲ್ಲಿ ಸುಮಾರು ಶೇ 5 ಇಳಿಯುತ್ತದೆ. ಹರೆಯದವರು, ಕೈಯಲ್ಲಿ ಕಾಸು ಕಡಿಮೆ ಇರುವವರು ಇನ್ನೂ ಜಾಸ್ತಿ ಜಗ್ಗುತ್ತಾರೆ. ತೆರಿಗೆಯಿಂದ ಬೆಲೆ ಏರಿದಷ್ಟೇ ಸೇವನೆ ಇಳಿಯೋದಿಲ್ಲವಾದ್ದರಿಂದ ಬೊಕ್ಕಸಕ್ಕೂ ಹೆಚ್ಚು ತೆರಿಗೆ ಬರುತ್ತದೆ. ಹೀಗೆ ಬೆಲೆಗೆ ಅರೆಬರೆ ಜಗ್ಗುವುದನ್ನು 'ಅರೆಜಗ್ಗು' ಅನ್ನೋಣವೇ?

ಒಂದು ತೊಡಕಿದೆ. ಹಗ್ಗಜಗ್ಗಾಟದ 'ಜಗ್ಗು' ಎಳೆಯುವ ಜಗ್ಗು. ಆ ಅರ್ಥವೇ ರೂಢಿಯಲ್ಲಿರುವ ಕಡೆ ಬೇಡಿಕೆಯೇ ಬೆಲೆಯನ್ನು ಎಳೆಯುತ್ತಿದೆ ಅಂತ ಓದಿಕೊಂಡಾರು.

ಇನ್ನೊಂದು. ಸೇದುವವರು ಕಡಿಮೆಯಾದರೆ ಕಾಯಿಲೆಯೂ ಕಡಿಮೆ ಅನ್ನೋ ಕಡೆ "ಚಿಕಿತ್ಸೆಯ ವೆಚ್ಚದಲ್ಲಿ ಉಳಿತಾಯ" ಎಂದು ಬರೆದು ಹೊಡೆದುಹಾಕಿದೆ. ಉಳಿತಾಯ ಅಂದರೆ ಕೈಯಲ್ಲಿ ಎಣಿಸಬಹುದಾದ ದುಡ್ಡು. ಇಲ್ಲಿ ಹಾಗಿಲ್ಲ, ಲಾಭ ನಿಧಾನವಾಗಿ, ಕಣ್ಣಿಗೆ ಕಾಣದಂತೆ ಬರುತ್ತದೆ. ಸೇದುವುದು ಬಿಟ್ಟ ಸುಮಾರು ಒಂದು ವರ್ಷಕ್ಕೆ ಹೃದ್ರೋಗದ ಅಪಾಯ ಸೇದುತ್ತಲೇ ಇರುವವರ ಅರ್ಧದಷ್ಟಾಗುತ್ತದೆ. ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಹಾಗೆ ಅರ್ಧಕ್ಕೆ ಇಳಿಯಲು ಸುಮಾರು 10 ವರ್ಷ ಬೇಕು. ಆಗದೇ ಹೋದ ಆಪರೇಷನ್ನಿಗೆ ಬಿಲ್ಲು ಎಲ್ಲಿಂದ ತರೋದು? ಮೇಲಾಗಿ ಬದುಕಿ ಬಾಳಿದವರು ಮುಂದೆ ಮುಪ್ಪಿನ ಕಾಯಿಲೆಗಳಿಗೆ ಆಸ್ಪತ್ರೆಗೆ ಬಂದೇ ಬರುತ್ತಾರೆ. (ಅದನ್ನೂ ನಷ್ಟದ ಕಡೆ ಬರೆಯುವವರಿದ್ದಾರೆ. ಅವರಿಗೆ ಏನು ಪದ ಬಳಸಬೇಕೋ ಗೊತ್ತು, ಇಲ್ಲಿ ಬೇಡ.) ಸದ್ಯಕ್ಕೆ 'ತಪ್ಪಿದ ಖರ್ಚು' ಎಂದು ಹಾಕಿದ್ದೇನೆ. "ಬಸ್ಸು ತಪ್ಪಿತು" ಅನ್ನೋ ಹಾಗೆ ಕೇಳಿಸುತ್ತಾ? 'ತಪ್ಪಿಸಿದ ಖರ್ಚು' ವಾಸಿಯಾ?

'ಜಗ್ಗು' ಒಪ್ಪದವರು ಸುಮ್ನೆ ಬೇಡ ಅನ್ನದೆ, ಬದಲಿಗೆ ಒಂದು ಪದ ಕೊಡಿ.