1951ರ ಷೆವ್ರೊಲೆ ಪಿಕಪ್: ಹಳೆಯ ಬಣ್ಣ ಉಳಿಸಬೇಕೇ, ಹೊಸದಾಗಿ ಬಳಿಸಬೇಕೇ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಓಹಾಯೊದಲ್ಲಿರುವ ನಾನು ಅಮೆರಿಕದ ಹಳೆಯ ಕಾರು, ಟ್ರಕ್ಕುಗಳನ್ನು ಪ್ರದರ್ಶನಗಳಲ್ಲಿ ನೋಡಿ ಸಂತೋಷಪಟ್ಟವನೇ ಹೊರತು ಒಂದನ್ನೂ ಕೊಂಡವನಲ್ಲ. ಈಗ ನ್ಯೂ ಮೆಕ್ಸಿಕೊದಿಂದ ಬಂದ 1951ರ ಷೆವ್ರೊಲೆ 3100 ಪಿಕಪ್ ಒಂದು ಮಾರಾಟಕ್ಕಿದೆ. ಕಾರ್ಖಾನೆಯಲ್ಲೇ ಬಳಿದದ್ದೆನ್ನಲಾದ ಕಡುಹಸಿರು ಬಣ್ಣ ಚಾವಣಿಯ ಮೇಲೆ ಸವೆದು ತುಕ್ಕಿನ ಕೆಂಪು ಇಣುಕುತ್ತಿದೆ. ಬಾಗಿಲ ಮೇಲೆ ಯಾವುದೋ ಬೀಜದಂಗಡಿಯ ಹೆಸರು ಅರ್ಧಂಬರ್ಧ ಓದಲು ಬರುತ್ತದೆ. ಪೂರ್ತಿ ಬಿಚ್ಚಿಸಿ ಹೊಸ ಬಣ್ಣ ಬಳಿಸುವುದಾದರೆ ಮಾತ್ರ ತನ್ನಿ ಎಂಬುದು ಮನೆಯವರ ವಾದ. ಕೊಳ್ಳುವ ಮುನ್ನ ಏನೇನು ನೋಡಬೇಕು, ಬಣ್ಣದ ವಿಷಯದಲ್ಲಿ ಏನು ಮಾಡಬೇಕು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1

ಬಣ್ಣದ ಮಾತು ಆಮೇಲಿರಲಿ, ಮೊದಲು ತಗಡನ್ನು ನೋಡಿ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ನಿಮ್ಮ ಕಡೆಯ ಟ್ರಕ್ಕುಗಳು ಕೆಳಗಿನಿಂದ ಕೊಳೆಯುತ್ತವೆ. ನ್ಯೂ ಮೆಕ್ಸಿಕೊದಂಥ ಒಣನಾಡಿನವು ಬಿಸಿಲಿಗೆ ಮೇಲಿನಿಂದ ಸವೆಯುತ್ತವೆ. ನೀವು ಹೇಳಿದ ಚಾವಣಿಯ ತುಕ್ಕು ಎರಡನೆಯ ಬಗೆಯದಾಗಿದ್ದರೆ ಹೆದರಬೇಕಾದ್ದಿಲ್ಲ. ಆದರೆ ಕ್ಯಾಬಿನ ಹಿಂದಿನ ಎರಡು ಕೆಳಮೂಲೆಗಳನ್ನು ಒಳಗಿನಿಂದಲೂ ಹೊರಗಿನಿಂದಲೂ ಕೈಯಾಡಿಸಿ ನೋಡಿ, ಬಟ್ಟೆ ಸುತ್ತಿದ ಆಯಸ್ಕಾಂತವನ್ನು ಹಿಡಿಯಿರಿ. ಅದು ಕಚ್ಚಿಕೊಳ್ಳದ ಕಡೆ ತಗಡಿನ ಮೇಲೆ ದಪ್ಪನೆಯ ಪುಟ್ಟಿ ಕುಳಿತಿದೆ ಎಂದರ್ಥ. ನೆಲಹಾಸನ್ನು ಎತ್ತಿ ನೋಡಲು ಮಾರುವವರು ಒಪ್ಪದಿದ್ದರೆ ವ್ಯವಹಾರವನ್ನು ಅಲ್ಲಿಗೇ ಬಿಡಿ.

ವರ್ಷವನ್ನು ಪರೀಕ್ಷಿಸುವ ಒಂದು ಸುಲಭ ದಾರಿಯಿದೆ. 1947ರಲ್ಲಿ ಶುರುವಾದ ಈ ಸರಣಿಯ ಬಾಗಿಲುಗಳಿಗೆ ಮೂಲೆಯ ಪುಟ್ಟ ತಿರುಗು ಗಾಜು ಬಂದದ್ದು 1951ರಲ್ಲಿ. ಒತ್ತುಗುಂಡಿಯ ಹಿಡಿ ಬಂದದ್ದು 1952ರಲ್ಲಿ. ಹಾಗಾಗಿ 1951ರ ಟ್ರಕ್ಕಿನಲ್ಲಿ ಆ ಗಾಜೂ ಇರಬೇಕು, ಕೆಳಕ್ಕೆ ತಿರುಗಿಸುವ ಹಳೆಯ ಹಿಡಿಯೂ ಇರಬೇಕು. ಎರಡೂ ಹೊಂದದಿದ್ದರೆ ಬಾಗಿಲು ಬೇರೆ ಟ್ರಕ್ಕಿನದು. ಆಗ ಬೀಜದಂಗಡಿಯ ಹೆಸರಿನ ಕಥೆಯೂ ಬೇರೆಯೇ.

ಬಣ್ಣ ನಿಜಕ್ಕೂ ಕಾರ್ಖಾನೆಯದಾದರೆ ದಯವಿಟ್ಟು ಅದನ್ನು ಮುಟ್ಟಬೇಡಿ. ಹೊಸ ಬಣ್ಣವನ್ನು ಯಾವಾಗ ಬೇಕಾದರೂ ಬಳಿಸಬಹುದು, ಕೆರೆದು ತೆಗೆದ ಹಳೆಯ ಬಣ್ಣವನ್ನು ಯಾರೂ ಮರಳಿ ತರಲಾರರು. ಒದ್ದೆ ಬಟ್ಟೆಯಿಂದ ಅಂಗೈಯಗಲ ಒರೆಸಿದಾಗ ಬೂದು ಪೊರೆಯಡಿ ಹಸಿರು ಎದ್ದು ಕಂಡರೆ, ಸೌಮ್ಯ ಸೋಪುನೀರು ಮತ್ತು ಮೇಣ ಸಾಕು. ಉಜ್ಜುವ ಪಾಲಿಶ್ ಬೇಡ. ಪೆನ್ಸಿಲ್ವೇನಿಯದ ಹರ್ಷಿಯಲ್ಲಿ ಪ್ರತಿ ಅಕ್ಟೋಬರಿನಲ್ಲಿ ಸಮಾವೇಶ ನಡೆಸುವ, 1935ರಲ್ಲಿ ಹುಟ್ಟಿದ ಆಂಟಿಕ್ ಆಟೊಮೊಬೈಲ್ ಕ್ಲಬ್ ಆಫ್ ಅಮೆರಿಕ ಕೂಡ, ಮೂಲ ಲಕ್ಷಣಗಳನ್ನು ಉಳಿಸಿಕೊಂಡ ವಾಹನಗಳಿಗೆಂದೇ ಪ್ರತ್ಯೇಕ ವರ್ಗವನ್ನು ಇಟ್ಟಿದೆ.

ಉತ್ತರ 2

ಮೇಲಿನವರ ತಗಡಿನ ಸಲಹೆಗೆ ನನ್ನ ಸಹಮತವಿದೆ, ಬಣ್ಣದ ಸಲಹೆಗೆ ಪೂರ್ತಿ ಇಲ್ಲ. ಇವು ಹೊಲಗದ್ದೆಗಳಲ್ಲಿ ದುಡಿದ ಟ್ರಕ್ಕುಗಳು. ಬಣ್ಣ ಹೋದಾಗ ಮಾಲೀಕರೇ ಕುಂಚ ಹಿಡಿದು ಬಳಿದದ್ದುಂಟು. ಇಂದು ಸವೆದ ಬಣ್ಣವೇ ಫ್ಯಾಶನ್ ಆಗಿ, ಬೇಕೆಂದೇ ತುಕ್ಕು ಬರಿಸಿ ಸುಳ್ಳು ಹೆಸರು ಬರೆಸಿದ ಬಾಗಿಲುಗಳೂ ಮಾರಾಟಕ್ಕಿವೆ (ನನಗಂತೂ ಹೊಳೆಯುವ ಹೊಸ ಬಣ್ಣವೇ ಅದಕ್ಕಿಂತ ಪ್ರಾಮಾಣಿಕವೆನಿಸುತ್ತದೆ). ಚಾವಣಿಯಲ್ಲಿ ಬಣ್ಣ ಉಳಿದೇ ಇಲ್ಲವೆಂದಾದರೆ ಓಹಾಯೊದ ತೇವದಲ್ಲಿ ಬರಿಯ ಮೇಣದಿಂದ ಅದು ನಿಲ್ಲುವುದು ಕಷ್ಟ. ಚಾವಣಿಯನ್ನಷ್ಟೇ ಅದೇ ಬಣ್ಣದಲ್ಲಿ ಮಂದವಾಗಿ ಬಳಿಸಿ ಬಾಗಿಲುಗಳನ್ನು ಹಾಗೆಯೇ ಬಿಟ್ಟರೆ ಮನೆಯವರೂ ಒಪ್ಪಬಹುದು.

ಉತ್ತರ 3

ಓಡಿಸುವ ಉದ್ದೇಶವಿದ್ದರೆ ಬಣ್ಣಕ್ಕಿಂತ ಬ್ರೇಕಿನ ಕಡೆ ಹೆಚ್ಚು ಗಮನವಿರಲಿ. ನಾಲ್ಕೂ ಗಾಲಿಗಳಿಗೆ ಒಂದೇ ಹೈಡ್ರಾಲಿಕ್ ಮಾರ್ಗವಿರುವುದರಿಂದ, ಯಾವುದೋ ಒಂದು ಗಾಲಿಯಲ್ಲಿ ಸೋರಿಕೆಯಾದರೂ ಪೆಡಲ್ ನೆಲಕ್ಕಿಳಿಯುತ್ತದೆ. ಎರಡು ಮಾರ್ಗಗಳ ಮಾಸ್ಟರ್ ಸಿಲಿಂಡರನ್ನು (ಪೆಡಲ್ ಒತ್ತಿದಾಗ ಬ್ರೇಕಿನ ದ್ರವವನ್ನು ಗಾಲಿಗಳತ್ತ ತಳ್ಳುವ ಭಾಗ) ಚಾಸಿಗೆ ಹೊಸ ರಂಧ್ರ ಕೊರೆಯದೆ ಕೂರಿಸಬಲ್ಲ ಮೆಕ್ಯಾನಿಕ್ ಸಿಕ್ಕರೆ ಹಾಕಿಸಿ. ತೆಗೆದ ಹಳೆಯದನ್ನು ಎಸೆಯದೆ ಇಟ್ಟುಕೊಳ್ಳಿ.

ಎಂಜಿನ್ ಮೂಲದ್ದೇ ಆಗಿದ್ದರೆ ಅದು 216 ಘನ ಇಂಚಿನ, ಸಾಲಾಗಿ ಆರು ಸಿಲಿಂಡರಿನದು. ಅದರ ಪಿಸ್ಟನ್ನನ್ನು ಕ್ರ್ಯಾಂಕ್ ಶಾಫ್ಟಿಗೆ ಜೋಡಿಸುವ ಕನೆಕ್ಟಿಂಗ್ ರಾಡಿನ ಬೇರಿಂಗುಗಳಿಗೆ ಆಯಿಲ್ ಪೂರ್ಣ ಒತ್ತಡದಲ್ಲಿ ಹೋಗುವುದಿಲ್ಲ. ರಾಡಿನ ತುದಿಯಲ್ಲಿರುವ ಪುಟ್ಟ ಸೌಟಿನಂಥ ಭಾಗ ತಿರುಗುತ್ತಾ ಎತ್ತಿಕೊಂಡದ್ದೇ ಬಹುಮಟ್ಟಿಗೆ ಆಧಾರ. ಊರ ರಸ್ತೆಗಳಲ್ಲಿ ನಿಧಾನವಾಗಿ ಓಡಿಸಿದರೆ ಬಹಳ ಕಾಲ ಬಾಳುತ್ತದೆ, ಆದರೆ ಅಂತರರಾಜ್ಯ ಹೆದ್ದಾರಿಯ ವೇಗಕ್ಕೆ ಹೇಳಿ ಮಾಡಿಸಿದ್ದಲ್ಲ. ಹಾಗಾಗಿ ಹಿಂದಿನವರು ಅನೇಕರು 235 ಘನ ಇಂಚಿನ ಎಂಜಿನ್ ಹಾಕಿಸಿದ್ದಾರೆ. ಪೆಟ್ರೋಲ್ ಟ್ಯಾಂಕ್ ಕ್ಯಾಬಿನೊಳಗೆ ಸೀಟಿನ ಹಿಂದೆಯೇ ಇರುವುದರಿಂದ ಬಾಗಿಲು ತೆರೆದ ಕೂಡಲೇ ವಾಸನೆ ಬಂದರೆ ಹಳೆಯ ರಬ್ಬರ್ ಕೊಳವೆಗಳನ್ನು ಬದಲಿಸದೆ ಓಡಿಸಬೇಡಿ. ಈಗಿನ ಎಥನಾಲ್ ಮಿಶ್ರಿತ ಪೆಟ್ರೋಲ್ ಅವನ್ನು ಬೇಗ ಕೆಡಿಸುತ್ತದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಮಾರುವವರಿಗೆ ಕೇಳಿದೆ, ಎಂಜಿನ್ 235 ಅಂತೆ. ಬಾಗಿಲ ಹಿಡಿ ಕೆಳಕ್ಕೆ ತಿರುಗಿಸುವುದೇ ಎಂದು ಚಿತ್ರ ಕಳಿಸಿದ್ದಾರೆ, ತಿರುಗು ಗಾಜೂ ಇದೆ.

ಉತ್ತರ 3

ಹಾಗಾದರೆ ಹಣ ಕೊಡುವ ಮುನ್ನ ಮಾಲೀಕತ್ವದ ಟೈಟಲ್ ಪತ್ರವನ್ನು ನೋಡಿ. 17 ಅಕ್ಷರಗಳ ಏಕರೂಪದ ವಾಹನ ಸಂಖ್ಯೆ ಬಂದದ್ದು 1981ರ ಮಾದರಿಗಳಿಂದ; ಅದಕ್ಕೂ ಬಹಳ ಹಿಂದೆ ಕೆಲವು ರಾಜ್ಯಗಳು ಎಂಜಿನ್ ಸಂಖ್ಯೆಯನ್ನೇ ಪತ್ರದಲ್ಲಿ ಬರೆಯುತ್ತಿದ್ದವು. ನಿಮ್ಮ ಟ್ರಕ್ಕಿನ ಎಂಜಿನ್ ಬದಲಾಗಿರುವುದರಿಂದ, ಪತ್ರದ ಸಂಖ್ಯೆ ಬಾಗಿಲ ಕಂಬದ ಫಲಕಕ್ಕೆ ತಾಳೆಯಾಗುತ್ತದೆಯೇ ಎಂಬುದೇ ಮುಖ್ಯ. ತಾಳೆಯಾಗದಿದ್ದರೆ ಅದನ್ನು ಸರಿಪಡಿಸಿಕೊಡುವ ಹೊಣೆ ಮಾರುವವರದೇ ಆಗಲಿ.