ರೂಪಾಯಿ ಬಲವಾದರೆ ಆಳಂದದ ತೊಗರಿಗೆ ಏನಾಗುತ್ತದೆ?

ಎಲ್ಲರಿಗೂ ಶರಣು. ಬೆಳಿಗ್ಗೆ ಬೀದರ್ ಮಾವ ಗುಂಪಿಗೆ ಒಂದು ಸಂದೇಶ ಹಾಕಿದ್ದಾರೆ. ಡಾಲರ್ ನಲವತ್ತು ರೂಪಾಯಿಗೆ ಇಳಿದರೆ ದೇಶದಲ್ಲಿ ಎಲ್ಲದರ ಬೆಲೆಯೂ ಅರ್ಧವಾಗುತ್ತದಂತೆ, ಸರ್ಕಾರ ಮನಸ್ಸು ಮಾಡಿದರೆ ಅದು ಒಂದೇ ರಾತ್ರಿಯ ಕೆಲಸವಂತೆ. ಅದಕ್ಕೆ ನೀವೆಲ್ಲ ಸಾಲಾಗಿ ಕೈ ಮುಗಿದಿದ್ದೀರಿ. ಟೈಪ್ ಮಾಡುತ್ತಾ ಕುಳಿತರೆ ಸಂಜೆಯಾಗುತ್ತದೆ, ಮಾತಿನಲ್ಲೇ ಹೇಳುತ್ತೇನೆ. ಉದ್ದವಾಗುತ್ತದೆ, ತಾಳ್ಮೆ ಇಲ್ಲದವರು ವೇಗ ಹೆಚ್ಚಿಸಿಕೊಂಡು ಕೇಳಿ.

ಮಾವ, ಆಳಂದದಲ್ಲಿ ಅಣ್ಣನ ಹೊಲದಲ್ಲಿರುವುದು ತೊಗರಿ. ನಾನು ಲೆಕ್ಕ ಬರೆಯುವ ದಾಲ್ ಮಿಲ್‌ಗೆ ಬೆಳಿಗ್ಗೆ ಮುಂಬೈಯಿಂದ ಬರುವ ಮೊದಲ ಫೋನ್ ಯಾವುದರದು ಗೊತ್ತೇ? ಬರ್ಮಾದ ಲೆಮನ್ ತೊಗರಿ ಟನ್ನಿಗೆ ಎಷ್ಟು ಡಾಲರ್, ಮೊಜಾಂಬಿಕ್‌ನ ಗಜ್ರಿ ತೊಗರಿ ಎಷ್ಟು ಡಾಲರ್ ಎಂಬುದು. ಅದನ್ನು ಕೇಳಿಕೊಂಡ ಮೇಲೆಯೇ ನಮ್ಮ ಮಾಲೀಕರು ಗಂಜ್‌ಗೆ, ಅಂದರೆ ಧಾನ್ಯದ ಮಾರುಕಟ್ಟೆಗೆ ಹೋಗಿ ರೈತರ ಚೀಲಕ್ಕೆ ಕೈ ಹಾಕಿ ಕಾಳು ನೋಡುತ್ತಾರೆ.

ಒಂದು ಲೆಕ್ಕ ಹಾಕೋಣ. ಹೊರಗಿನ ತೊಗರಿ ಟನ್ನಿಗೆ 800 ಡಾಲರ್ ಎಂದಿಟ್ಟುಕೊಳ್ಳಿ. ಡಾಲರಿಗೆ 85 ರೂಪಾಯಿ ಇದ್ದರೆ ಕ್ವಿಂಟಲ್‌ಗೆ 6,800 ರೂಪಾಯಿ ಬೀಳುತ್ತದೆ. ರೂಪಾಯಿ ಬಲಗೊಂಡು 80ಕ್ಕೆ ಬಂದರೆ ಅದೇ ಕಾಳು 6,400ಕ್ಕೆ ಸಿಗುತ್ತದೆ. ಹಡಗಿನ ಬಾಡಿಗೆ, ಹಮಾಲಿ ಎಲ್ಲ ಬೇರೆ, ಅದನ್ನು ಬಿಡಿ. ಬರ್ಮಾದ ರೈತ ಒಂದು ಪೈಸೆ ಇಳಿಸಲಿಲ್ಲ, ನಮ್ಮ ಅಣ್ಣ ಯಾವ ತಪ್ಪೂ ಮಾಡಲಿಲ್ಲ, ಆದರೂ ಇವನ ಕಾಳಿನೊಂದಿಗೆ ಪೈಪೋಟಿಗೆ ನಿಂತ ಕಾಳು 400 ರೂಪಾಯಿ ಅಗ್ಗವಾಯಿತು. ಮೊದಲಾದರೆ ಆಮದಿಗೆ ಮಿತಿ ಇತ್ತು. 2021ರ ಮೇ ತಿಂಗಳಲ್ಲಿ ಅದನ್ನು ತೆಗೆದರು, 2023ರಲ್ಲಿ ಸುಂಕವನ್ನೂ ತೆಗೆದರು. ನಡುವೆ ತಡೆಗೋಡೆ ಇಲ್ಲದಿರುವಾಗ ಡಾಲರಿನ ದರ ನೇರವಾಗಿ ಹೊಲಕ್ಕೇ ಬಂದು ನಿಲ್ಲುತ್ತದೆ. ಕಲಬುರಗಿ ತೊಗರಿಗೆ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿದ್ದು ಸಂತೋಷದ ವಿಷಯವೇ, ಆದರೆ ಧಾರಣೆ ಕಟ್ಟುವಾಗ ಯಾರೂ ಆ ಪ್ರಮಾಣಪತ್ರವನ್ನು ಮುಂದಿಟ್ಟುಕೊಂಡಿದ್ದನ್ನು ನಾನು ನೋಡಿಲ್ಲ.

ಹಾಗಾದರೆ ಗೊಬ್ಬರ ಅಗ್ಗವಾಗುವುದಿಲ್ಲವೇ ಎಂದು ಅಣ್ಣ ಕೇಳಬಹುದು. ಪೊಟ್ಯಾಷ್ ಪೂರ್ತಿಯಾಗಿ ಹೊರಗಿನಿಂದಲೇ ಬರುತ್ತದೆ, ನಿಜ. ಆದರೆ ಯೂರಿಯಾ ಚೀಲಕ್ಕೆ 266 ರೂಪಾಯಿ 50 ಪೈಸೆ ಎಂದು ಸರ್ಕಾರವೇ ದರ ಕಟ್ಟಿದೆ. ರೂಪಾಯಿ ಬಲವಾದರೆ ಉಳಿಯುವುದು ಸಬ್ಸಿಡಿಯ ಹಣ, ಅಂದರೆ ದೆಹಲಿಯ ಖಜಾನೆಗೆ ಲಾಭ. ಚೀಲದ ಮೇಲಿನ ಬೆಲೆ ಅಲ್ಲಾಡುವುದಿಲ್ಲ. ಪೆಟ್ರೋಲಿನ ಕತೆಯೂ ಹೆಚ್ಚು ಕಡಿಮೆ ಅದೇ. ಕಚ್ಚಾ ತೈಲದಲ್ಲಿ ಶೇಕಡಾ 85ಕ್ಕೂ ಹೆಚ್ಚನ್ನು ಡಾಲರ್ ಕೊಟ್ಟು ತರುತ್ತೇವೆ, ಕಂಪನಿಗಳ ಖರ್ಚು ಖಂಡಿತ ಇಳಿಯುತ್ತದೆ. ಬಂಕಿನಲ್ಲಿ ಇಳಿಸುತ್ತಾರೋ ಇಲ್ಲವೋ ಅದು ಅವರ ದಯೆ. ಹೊರಗಿನಿಂದ ತರುವ ಅಡುಗೆ ಎಣ್ಣೆ ಮಾತ್ರ ಸ್ವಲ್ಪ ಬೇಗ ಇಳಿಯುತ್ತದೆ, ಅತ್ತಿಗೆಗೆ ಅಷ್ಟು ಸಮಾಧಾನ. ಆದರೆ ಭಾಲ್ಕಿಯಲ್ಲಿ ಸೋಯಾ ಬೆಳೆಯುವ ಷಡ್ಡಕನ ಮುಂದೆ ಈ ಸಂತೋಷವನ್ನು ಹೇಳಿಕೊಳ್ಳಬೇಡಿ, ಎಣ್ಣೆ ಇಳಿದರೆ ಅವನ ಸೋಯಾ ಬೆಲೆಯೂ ಇಳಿಯುತ್ತದೆ.

ಜೆಡ್ಡಾದಲ್ಲಿರುವ ನಮ್ಮ ಹುಡುಗ ಈ ಗುಂಪಿನಲ್ಲೇ ಇದ್ದಾನೆ. ಡಾಲರಿಗೆ 3.75 ರಿಯಾಲ್ ಎಂದು ಸೌದಿಯವರು ಎಂದೋ ಗಂಟು ಹಾಕಿಬಿಟ್ಟಿದ್ದಾರೆ. ಡಾಲರ್ 85ರಿಂದ 80ಕ್ಕೆ ಬಂದರೆ ಅವನು ಕಳುಹಿಸುವ 2,000 ರಿಯಾಲ್‌ಗೆ ಇಲ್ಲಿ ಸುಮಾರು 2,670 ರೂಪಾಯಿ ಕಡಿಮೆ ಸಿಗುತ್ತದೆ. ಬಿಸಿಲಿನಲ್ಲಿ ಅದೇ ಕೆಲಸ, ಅದೇ ಸಂಬಳ, ಊರಲ್ಲಿ ಮಾತ್ರ ಮನೆ ಸಾಲದ ಕಂತಿಗೆ ತೂತು. ಮಾವನ ಸಂದೇಶದಂತೆ ಡಾಲರ್ ನಲವತ್ತಕ್ಕೆ ಬಂದರೆ ಅವನ ದುಡಿಮೆ ಅರ್ಧಕ್ಕೂ ಕೆಳಗೆ. ಅವನೂ ಕೈ ಮುಗಿದಿದ್ದಾನೆ, ಪಾಪ!

ರೂಪಾಯಿ ದಿಢೀರನೆ ಏರುವುದು ನಡೆಯದ ಮಾತೇನಲ್ಲ, 2007ರಲ್ಲಿ ನಡೆದಿದೆ. ವರ್ಷದ ಆರಂಭದಲ್ಲಿ 44ರ ಆಸುಪಾಸಿನಲ್ಲಿದ್ದ ಡಾಲರ್ ವರ್ಷ ಮುಗಿಯುವಷ್ಟರಲ್ಲಿ 39ರ ಹತ್ತಿರಕ್ಕೆ ಬಂತು. ವಿದೇಶಿ ಹೂಡಿಕೆದಾರರು ಷೇರುಪೇಟೆಗೆ ಡಾಲರ್ ಸುರಿಯುತ್ತಿದ್ದರು. ಪತ್ರಿಕೆಗಳಲ್ಲಿ ಹೆಮ್ಮೆಯ ಸುದ್ದಿ, ತಿರುಪ್ಪೂರಿನ ಬನಿಯನ್ ಕಾರ್ಖಾನೆಗಳಲ್ಲಿ ಅಳು. ಬೆಲೆಯನ್ನು ಡಾಲರಿನಲ್ಲಿ ತಿಂಗಳುಗಳ ಹಿಂದೆಯೇ ಒಪ್ಪಿಕೊಂಡಿರುತ್ತಾರೆ, ನೂಲಿಗೆ ಮತ್ತು ಕೂಲಿಗೆ ಕೊಡುವುದು ರೂಪಾಯಿ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಿಗೂ ಅದೇ ಸಂಕಟ. ಕೊನೆಗೆ ಸರ್ಕಾರ ರಫ್ತುದಾರರಿಗೆ ಪರಿಹಾರ ಘೋಷಿಸಬೇಕಾಯಿತು. ಮರುವರ್ಷ ಅಮೆರಿಕದಲ್ಲಿ ಬ್ಯಾಂಕುಗಳು ಮುಳುಗಿದಾಗ ಬಂದ ಡಾಲರ್ ಬಂದ ದಾರಿಯಲ್ಲೇ ಹೋಯಿತು, ದರ 50ರ ಬಳಿಗೆ ಜಿಗಿಯಿತು.

ಇನ್ನು ಸರ್ಕಾರದ ಒಂದೇ ರಾತ್ರಿಯ ಕೆಲಸ. ರೂಪಾಯಿ ತೀರಾ ವೇಗವಾಗಿ ಏರಿದರೆ ರಿಸರ್ವ್ ಬ್ಯಾಂಕೇ ಡಾಲರ್ ಕೊಂಡು ಅದನ್ನು ತಡೆಯುತ್ತದೆ. ಕೊಳ್ಳುವುದಕ್ಕೆ ರೂಪಾಯಿ ಹೊರಗೆ ಬಿಡಬೇಕು, ಬಿಟ್ಟರೆ ಹಣದುಬ್ಬರದ ಭಯ, ಬಿಡದಿದ್ದರೆ ರಫ್ತುದಾರರ ಗೋಳು. ಅತ್ತ ದರಿ, ಇತ್ತ ಪುಲಿ. ಹೆಚ್ಚುವರಿ ಹಣವನ್ನು ಹೀರಿಕೊಳ್ಳಲೆಂದೇ 2004ರಲ್ಲಿ ಬೇರೆ ಬಾಂಡುಗಳನ್ನು, ಅಂದರೆ ಸರ್ಕಾರಿ ಸಾಲಪತ್ರಗಳನ್ನು ತಂದರು, ಅವುಗಳಿಗೆ ಬಡ್ಡಿ ಕಟ್ಟುವುದೂ ನಮ್ಮ ತೆರಿಗೆಯಿಂದಲೇ.

ಮಾವ, ಇನ್ನೊಂದು ಮಾತು. ಒಂದು ಡಾಲರಿಗೆ ನೂರಕ್ಕೂ ಹೆಚ್ಚು ಯೆನ್ ಕೊಡಬೇಕು, ಹಾಗೆಂದು ಜಪಾನ್ ನಮಗಿಂತ ಬಡ ದೇಶವೇ? ಅವರ ಹಣ ನಿಜವಾಗಿ ಬಲಗೊಂಡಾಗ ಏನಾಯಿತು ನೋಡಿ. 1985ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕ್‌ನ ಪ್ಲಾಜಾ ಹೋಟೆಲಿನಲ್ಲಿ ಡಾಲರಿನ ಬೆಲೆ ಇಳಿಸಲು ಐದು ದೇಶಗಳು ಒಪ್ಪಂದ ಮಾಡಿಕೊಂಡವು. 240 ಯೆನ್ ಇದ್ದ ಡಾಲರ್ ಎರಡು ವರ್ಷದೊಳಗೆ 150ರ ಸುತ್ತಮುತ್ತ ಬಂತು. ರಫ್ತು ಕುಸಿಯಿತೆಂದು ಬಡ್ಡಿ ಇಳಿಸಿದರು, ಅಗ್ಗದ ಸಾಲ ಜಮೀನಿಗೂ ಷೇರಿಗೂ ನುಗ್ಗಿತು, 1990ರಲ್ಲಿ ಆ ಗುಳ್ಳೆ ಒಡೆಯಿತು. ಇಷ್ಟಕ್ಕೆಲ್ಲ ಯೆನ್ ಏರಿದ್ದೊಂದೇ ಕಾರಣ ಎಂದು ನಾನು ಹೇಳುವುದಿಲ್ಲ, ಆದರೆ ಶುರುವಾದದ್ದು ಅಲ್ಲಿಂದ.

ನನ್ನನ್ನು ಕೇಳಿದರೆ, ಉತ್ಪಾದನೆ ಹೆಚ್ಚಿ ನಿಧಾನವಾಗಿ ಏರುವ ರೂಪಾಯಿ ಒಳ್ಳೆಯದು, ಹೊರಗಿನವರ ಹಣದಿಂದ ದಿಢೀರನೆ ಏರುವುದನ್ನು ಕಂಡರೆ ಭಯ.

ಅಣ್ಣ, ನೀನು ಮಾತ್ರ ಒಂದು ಕೆಲಸ ಮಾಡು. ತೊಗರಿಯ ಬೆಂಬಲ ಬೆಲೆ 2025–26ನೇ ಸಾಲಿಗೆ ಕ್ವಿಂಟಲ್‌ಗೆ 8,000 ರೂಪಾಯಿ ಎಂದು ಘೋಷಿಸಿದ್ದಾರೆ, ಅದು ಡಾಲರಿನ ಮುಖ ನೋಡುವುದಿಲ್ಲ. ರಾಶಿ ಆಗುವವರೆಗೆ ಕಾಯಬೇಡ, ಖರೀದಿ ಕೇಂದ್ರದ ನೋಂದಣಿಗೆ ಪಹಣಿ, ಆಧಾರ್, ರೈತರ ನೋಂದಣಿಯ ಫ್ರೂಟ್ಸ್ ಸಂಖ್ಯೆ ಈಗಲೇ ತೆಗೆದಿಟ್ಟುಕೋ. ಹೋದ ಸಲ ಪಹಣಿಯಲ್ಲಿ ಬೆಳೆ ತಪ್ಪಾಗಿ ನಮೂದಾಗಿತ್ತಲ್ಲ, ಅದು ಸರಿಯಾಗಿದೆಯೇ ನೋಡಿ ನನಗೆ ಫೋಟೋ ಕಳುಹಿಸು.