ಶುಗರ್ ಇದ್ದವರಿಗೆ ಫ್ಲೂ ಲಸಿಕೆ: ಡಾಕ್ಟರನ್ನು ಕೇಳಿ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಮಳೆ ಹಿಡಿದುಕೊಂಡಿದೆ, ಮನೆಮನೆಯಲ್ಲೂ ಕೆಮ್ಮು, ಜ್ವರ. ಶುಗರ್ ಇದ್ದವರು ಫ್ಲೂ ಲಸಿಕೆ ಹಾಕಿಸಿಕೊಳ್ಳಬೇಕಾ ಅಂತ ತುಂಬಾ ಜನ ಕೇಳುತ್ತಿದ್ದೀರಿ. ಶಿವಮೊಗ್ಗದಲ್ಲಿ ಶುಗರ್ ಕಾಯಿಲೆಯನ್ನೇ ನೋಡುವ ನಮ್ಮ ಗುಂಪಿನ ಡಾಕ್ಟರ್ ಇವತ್ತು ಸಂಜೆ ಉತ್ತರ ಕೊಡುತ್ತಾರೆ. ಒಬ್ಬರು ಒಂದೇ ಪ್ರಶ್ನೆ ಕೇಳಿ.

ನಿವೃತ್ತ ಮೇಷ್ಟ್ರು: ನಮಸ್ಕಾರ ಡಾಕ್ಟ್ರೇ. ನನಗೆ 66. ಶುಗರ್ ಬಂದು 12 ವರ್ಷ. ಮಾತ್ರೆಯಲ್ಲೇ ಹತೋಟಿಯಲ್ಲಿದೆ, ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ 7.1. ನನಗೆ ಈ ಲಸಿಕೆ ಬೇಕಾ?

ಡಾಕ್ಟರ್: ನಮಸ್ಕಾರ ಮೇಷ್ಟ್ರೇ. ಬೇಕು. ಹತೋಟಿಯಲ್ಲಿದ್ದರೂ ಬೇಕು. ಫ್ಲೂ ಅಂದರೆ ಬರೀ ನೆಗಡಿ ಅಲ್ಲ. ಜ್ವರ ಬಂದರೆ ಶುಗರ್ ಏರುತ್ತದೆ, ಶುಗರ್ ಏರಿದರೆ ಸೋಂಕು ವಾಸಿಯಾಗುವುದು ತಡ. ನ್ಯುಮೋನಿಯಾ ತನಕ ಹೋಗುವ ಅಪಾಯ ಶುಗರ್ ಇದ್ದವರಿಗೆ ಜಾಸ್ತಿ. 2023ರ ಮಾರ್ಚ್‌ನಲ್ಲಿ ಎಚ್3ಎನ್2 ಫ್ಲೂ ತಗುಲಿ ಹಾಸನ ಜಿಲ್ಲೆಯ ಆಲೂರು ಕಡೆಯ ಹಿರಿಯರೊಬ್ಬರು ತೀರಿಕೊಂಡ ಸುದ್ದಿ ಓದಿರುತ್ತೀರಿ. 82 ವರ್ಷ. ಶುಗರ್, ಬಿಪಿ ಎರಡೂ ಇತ್ತು. ಲಸಿಕೆ ಹಾಕಿಸಿಕೊಂಡರೆ ಫ್ಲೂ ಬರುವುದೇ ಇಲ್ಲ ಅಂತ ನಾನು ಹೇಳುವುದಿಲ್ಲ. ಬಂದರೂ ಆಸ್ಪತ್ರೆ ಸೇರುವಷ್ಟು ಜೋರಾಗುವುದು ಕಡಿಮೆ. ತೋಳಿಗೆ ಅರ್ಧ ಎಂಎಲ್, ವರ್ಷಕ್ಕೊಂದು ಸಲ. ರಕ್ಷಣೆ ಬರಲು ಎರಡು ವಾರ ಬೇಕು. ನ್ಯುಮೋನಿಯಾ ಲಸಿಕೆ ಬೇರೆಯೇ ಇದೆ, ಅದನ್ನೂ ನಿಮ್ಮ ಡಾಕ್ಟರ್ ಹತ್ತಿರ ಕೇಳಿ.

ಕಾಫಿ ತೋಟ: ಹೋದ ವರ್ಷ ಹಾಕಿಸಿದ್ದೆ. ಈ ವರ್ಷ ಮತ್ತೆ ಯಾಕೆ?

ಡಾಕ್ಟರ್: ವೈರಸ್ ಬದಲಾಗುತ್ತಿರುತ್ತದೆ, ಅದಕ್ಕೆ ತಕ್ಕಂತೆ ಲಸಿಕೆಯನ್ನೂ ಬದಲಾಯಿಸುತ್ತಾರೆ. ಹಳೆಯ ಲಸಿಕೆಯ ಬಲವೂ ತಿಂಗಳು ಕಳೆದಂತೆ ಇಳಿಯುತ್ತದೆ.

ಭದ್ರಾವತಿ ಬಾಯ್: ಮೊದಲು ನಾಲ್ಕು ಫ್ಲೂ ವೈರಸ್ ತಳಿ ಇರುವ ಲಸಿಕೆ ಇತ್ತು. ಈಗ ಮೂರರದ್ದು ಬಂದಿದೆ ಅಂತಾರೆ. ಮೋಸ ಅಲ್ವಾ?

ಡಾಕ್ಟರ್: ಮೋಸ ಅಲ್ಲ. ಬಿ ಯಮಗಾಟಾ ಅನ್ನುವ ತಳಿ 2020ರ ಮಾರ್ಚ್ ಆದಮೇಲೆ ಎಲ್ಲೂ ಖಚಿತವಾಗಿ ಸಿಕ್ಕಿಲ್ಲ. ಅದಕ್ಕೇ ಬಿಡುತ್ತಿದ್ದಾರೆ. ಎರಡರಲ್ಲಿ ಯಾವುದು ಸಿಕ್ಕರೂ ಹಾಕಿಸಿ. ಡಬ್ಬಿಯ ಮೇಲೆ ಯಾವ ವರ್ಷದ್ದು ಅಂತ ಬರೆದಿರುತ್ತದೆ, ಅದನ್ನು ನೋಡಿ.

ಸಾಗರದ ಸೊಸೆ: ಡಾಕ್ಟ್ರೇ, ಲಸಿಕೆಯನ್ನು ಮೊಟ್ಟೆಯಲ್ಲಿ ಮಾಡುತ್ತಾರಂತೆ. ನಮ್ಮತ್ತೆ ಮೊಟ್ಟೆ ಮುಟ್ಟುವವರಲ್ಲ. ಬೇಡ ಅಂತ ಕೂತಿದ್ದಾರೆ.

ಡಾಕ್ಟರ್: ನಿಜ. ಹೆಚ್ಚಿನ ಫ್ಲೂ ಲಸಿಕೆಗಳ ವೈರಸ್ ಬೆಳೆಸುವುದು ಕೋಳಿಮೊಟ್ಟೆಯಲ್ಲೇ. ಅದನ್ನು ಅವರಿಂದ ಮುಚ್ಚಿಡಬೇಡಿ. ಶುದ್ಧ ಮಾಡಿದ ಮೇಲೆ ಉಳಿಯುವುದು ತೀರಾ ಕಡಿಮೆ. ನಿರ್ಧಾರ ಅವರದ್ದು. ಬೇಕಾದರೆ ನನ್ನ ಹತ್ತಿರ ಫೋನಿನಲ್ಲಿ ಮಾತಾಡಿಸಿ.

ಅಡಿಕೆ ಚಪ್ಪರ: ನೋಡಿ, ಹೇಳದೆ ಕೇಳದೆ ಮೊಟ್ಟೆ ಹಾಕುತ್ತಾರೆ. ಇದಕ್ಕೇ ನಾನು ಯಾವ ಲಸಿಕೆಯನ್ನೂ ನಂಬುವುದಿಲ್ಲ.

ಭದ್ರಾವತಿ ಬಾಯ್: ಡಾಕ್ಟರ್ ಈಗ ಹೇಳಿದರಲ್ಲ ಸ್ವಾಮಿ. ಕೇಳಿದ್ದಕ್ಕೆ ಇದ್ದದ್ದು ಇದ್ದ ಹಾಗೆ ಹೇಳಿದರು.

ಅಡಿಕೆ ಚಪ್ಪರ: (ಫಾರ್ವರ್ಡ್) ಅಮೃತಬಳ್ಳಿ, ಶುಂಠಿ, ಕಾಳುಮೆಣಸಿನ ಕಷಾಯಕ್ಕೆ ಎರಡು ಚಮಚ ಜೋನಿಬೆಲ್ಲ ಸೇರಿಸಿ ಏಳು ದಿನ ಕುಡಿಯಿರಿ. ಫ್ಲೂ ಹತ್ತಿರ ಸುಳಿಯುವುದಿಲ್ಲ, ಶುಗರ್ ಕೂಡ ಇಳಿಯುತ್ತದೆ. ಹತ್ತು ಜನರಿಗೆ ಕಳಿಸಿ.

ಡಾಕ್ಟರ್: ಈ ಮೆಸೇಜನ್ನು ಯಾರೂ ಮುಂದಕ್ಕೆ ಕಳಿಸಬೇಡಿ. ಬೆಲ್ಲ ಹಾಕಿದ ಕಷಾಯದಿಂದ ಶುಗರ್ ಇಳಿಯುವುದಿಲ್ಲ, ಏರುತ್ತದೆ. ಜೇನುತುಪ್ಪವೂ ಅಷ್ಟೇ. ಗಂಟಲಿಗೆ ಹಿತ ಅಂತ ಬೆಲ್ಲ ಹಾಕದ ಶುಂಠಿ ಕಷಾಯ ಕುಡಿದರೆ ನನ್ನ ಅಡ್ಡಿಯಿಲ್ಲ. ಆದರೆ ಅದು ಲಸಿಕೆ ಅಲ್ಲ.

ಅಡಿಕೆ ಚಪ್ಪರ: ನಮ್ಮಜ್ಜ 94 ವರ್ಷ ಬದುಕಿದ್ದರು. ಒಂದು ಸೂಜಿ ಚುಚ್ಚಿಸಿಕೊಂಡಿರಲಿಲ್ಲ.

ಕಾಫಿ ತೋಟ: ನಿಮ್ಮಜ್ಜನಿಗೆ ಶುಗರ್ ಇತ್ತಾ?

ಅಡಿಕೆ ಚಪ್ಪರ: ಗದ್ದೆಯಲ್ಲಿ ದುಡಿಯುವವರಿಗೆ ಶುಗರ್ ಎಲ್ಲಿಂದ ಬರುತ್ತದೆ ರೀ?

ಕಾಫಿ ತೋಟ: ಹಾಗಾದರೆ ಶುಗರ್ ಇರುವವರ ಪ್ರಶ್ನೆ ಮಧ್ಯೆ ಅವರನ್ನು ಯಾಕೆ ತರುತ್ತೀರಿ?

ದುಬೈ ಕನ್ನಡಿಗ: ಮುಂದಿನ ವಾರ ವಾಪಸ್ ಹೊರಡುತ್ತಿದ್ದೇನೆ. ಇಲ್ಲೇ ಹಾಕಿಸಲಾ, ಅಲ್ಲಿ ಹೋಗಿ ಹಾಕಿಸಲಾ?

ತೀರ್ಥಹಳ್ಳಿ ಮಗಳು: ಡಾಕ್ಟ್ರೇ, ನಮ್ಮಪ್ಪನಿಗೆ 71. ರಾತ್ರಿ ಹೊತ್ತು ಗ್ಲಾರ್ಜಿನ್ ಇನ್ಸುಲಿನ್, ಬೆಳಿಗ್ಗೆ ಡ್ಯಾಪಾಗ್ಲಿಫ್ಲೋಜಿನ್ ಮಾತ್ರೆ. ಮೊನ್ನೆಯಿಂದ ಜ್ವರ, ಮೈಕೈ ನೋವು. ಊಟ ಸೇರುತ್ತಿಲ್ಲ ಅಂತ ಎರಡು ರಾತ್ರಿ ಇನ್ಸುಲಿನ್ ಕೊಟ್ಟಿಲ್ಲ. ಮೇಲೆ ಹೇಳಿದ್ದೇ ಕಷಾಯ ಕೊಡುತ್ತಿದ್ದೇವೆ. ಈಗ ಶುಗರ್ 386. ನಾಳೆ ಫ್ಲೂ ಲಸಿಕೆ ಹಾಕಿಸಿದರೆ ಜ್ವರ ಇಳಿಯುತ್ತಾ?

ಡಾಕ್ಟರ್: ವಾಂತಿ ಆಗಿದೆಯಾ? ಉಸಿರಾಟ ಹೇಗಿದೆ?

ತೀರ್ಥಹಳ್ಳಿ ಮಗಳು: ಮಧ್ಯಾಹ್ನದಿಂದ ಎರಡು ಸಲ ವಾಂತಿ. ಉಸಿರು ಸ್ವಲ್ಪ ಜೋರಾಗಿ ಎಳೆಯುತ್ತಿದ್ದಾರೆ. ಸುಸ್ತಿಗೆ ಇರಬೇಕು ಅಂದುಕೊಂಡೆವು.

ಡಾಕ್ಟರ್: ಅಮ್ಮಾ, ನಾಳೆ ತನಕ ಕಾಯಬೇಡಿ. ಈಗಲೇ ರಾತ್ರಿ ದಾಖಲು ಮಾಡಿಕೊಳ್ಳುವ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಗಾಡಿ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ. ಗಾಡಿ ಬರುವಷ್ಟರಲ್ಲಿ ಇದನ್ನು ಓದಿ. ಲಸಿಕೆ ಈಗ ಬೇಡ. ಅದು ಬಂದ ಜ್ವರವನ್ನು ಇಳಿಸುವುದಿಲ್ಲ. ನನಗೆ ಭಯ ಇರುವುದು ಕೀಟೋನ್ ಬಗ್ಗೆ. ಊಟ ಇಲ್ಲ ಅಂತ ಇನ್ಸುಲಿನ್ ನಿಲ್ಲಿಸುವುದು ನಾನು ಪ್ರತಿ ಮಳೆಗಾಲ ನೋಡುವ ತಪ್ಪು. ಜ್ವರ ಬಂದಾಗ ಹೊಟ್ಟೆ ಖಾಲಿ ಇದ್ದರೂ ಲಿವರ್ ತಾನಾಗಿಯೇ ರಕ್ತಕ್ಕೆ ಸಕ್ಕರೆ ಬಿಡುತ್ತಿರುತ್ತದೆ. ಇನ್ಸುಲಿನ್ ಇಲ್ಲದಿದ್ದರೆ ಆ ಸಕ್ಕರೆ ಮೈಗೆ ಹತ್ತುವುದಿಲ್ಲ. ಆಗ ದೇಹ ಕೊಬ್ಬನ್ನು ಕರಗಿಸುತ್ತದೆ, ಅದರಿಂದ ಹುಟ್ಟುವ ಕೀಟೋನ್ ಸೇರಿಕೊಂಡು ರಕ್ತ ಆಮ್ಲವಾಗುತ್ತದೆ. ವಾಂತಿ, ಜೋರಾಗಿ ಉಸಿರು ಎಳೆಯುವುದು ಅದರದ್ದೇ ಗುರುತು ಇರಬಹುದು. ಡ್ಯಾಪಾಗ್ಲಿಫ್ಲೋಜಿನ್ ಈ ಅಪಾಯವನ್ನು ಹೆಚ್ಚಿಸುತ್ತದೆ. ಆ ಮಾತ್ರೆ ಇನ್ನು ಕೊಡಬೇಡಿ. ಆಸ್ಪತ್ರೆಯಲ್ಲಿ ಮೂರು ಮಾತು ಮೊದಲೇ ಹೇಳಿ: ಇನ್ಸುಲಿನ್ ಎರಡು ರಾತ್ರಿ ತಪ್ಪಿದೆ, ಈ ಮಾತ್ರೆ ತಗೊಳ್ಳುತ್ತಿದ್ದರು, ಕೀಟೋನ್ ನೋಡಿ. ಫ್ಲೂ ಪರೀಕ್ಷೆಯ ಬಗ್ಗೆಯೂ ಕೇಳಿ. ಫ್ಲೂ ವೈರಸ್ ತಡೆಯುವ ಔಷಧಿ ಒಸೆಲ್ಟಾಮಿವಿರ್ ಜ್ವರ ಬಂದ 48 ಗಂಟೆಯೊಳಗೆ ಶುರುವಾದರೆ ಒಳ್ಳೆಯದು. ತಡವಾಗಿದ್ದರೂ ಇಂಥವರಿಗೆ ಕೊಡುತ್ತಾರೆ. ಕಷಾಯ ನಿಲ್ಲಿಸಿ. ಮಾತ್ರೆಗಳ ಚೀಟಿ ಮರೆಯಬೇಡಿ. ತಲುಪಿದ ಮೇಲೆ ಇಲ್ಲಿ ಬರೆಯಿರಿ.

ತೀರ್ಥಹಳ್ಳಿ ಮಗಳು: ಹೊರಟೆವು ಡಾಕ್ಟ್ರೇ.

ಗೃಹಿಣಿ 52: ನಾನು ಮೆಡಿಕಲ್ ಶಾಪಿನಿಂದ ಲಸಿಕೆ ತಂದು ಫ್ರೀಜರಿನಲ್ಲಿ ಇಟ್ಟಿದ್ದೇನೆ. ಭಾನುವಾರ ನರ್ಸ್ ಬರುತ್ತಾರೆ.

ಡಾಕ್ಟರ್: ಹೆಪ್ಪುಗಟ್ಟಿದ ಲಸಿಕೆ ಕೆಟ್ಟ ಹಾಗೆಯೇ. ಹಾಕಿಸಬೇಡಿ. 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಹೋದ ವಾರ ಒಬ್ಬರು ಶರ್ಟ್ ಜೇಬಿನಲ್ಲಿ ಇಟ್ಟುಕೊಂಡು ಸ್ಕೂಟರಿನಲ್ಲಿ ತಂದಿದ್ದರು. ಡಬ್ಬಿ ಮುಟ್ಟಿದರೆ ಬೆಚ್ಚಗಿತ್ತು. ಅಷ್ಟು ದುಡ್ಡು ಕೊಟ್ಟು ತಂದದ್ದನ್ನು ಬೇಡ ಅನ್ನಲು ನನಗೇ ಸಂಕಟವಾಯಿತು. ಐಸ್ ಪ್ಯಾಕಿನಲ್ಲಿ ತನ್ನಿ, ಇಲ್ಲವೇ ಲಸಿಕೆ ಇಟ್ಟಿರುವ ಕ್ಲಿನಿಕ್ಕಿಗೇ ಹೋಗಿ.

ಗೃಹಿಣಿ 52: ಸುಮಾರು ಎರಡು ಸಾವಿರ ಹೋಯಿತು. ಅಂಗಡಿಯವರು ಒಂದು ಮಾತೂ ಹೇಳಲಿಲ್ಲ.

ಹೊಸನಗರ ಮಾವ: ಡಾಕ್ಟ್ರೇ, ಹೋದ ವರ್ಷ ಹಾಕಿಸಿದ್ದೇನೆ. ಈ ವರ್ಷವೂ ಬೇಕಾ?

ಡಾಕ್ಟರ್: ಬೇಕು. ಮೇಲೆ ಓದಿ.

ಶುಗರ್ ಫ್ರೀ: ಲಸಿಕೆ ಹಾಕಿಸಿದರೆ ಶುಗರ್ ಏರುತ್ತಾ? ಲಸಿಕೆಯಿಂದಲೇ ಫ್ಲೂ ಬರುತ್ತಂತೆ?

ಡಾಕ್ಟರ್: ತೋಳಿಗೆ ಹಾಕುವ ಈ ಲಸಿಕೆಯಲ್ಲಿ ಜೀವಂತ ವೈರಸ್ ಇಲ್ಲ. ಫ್ಲೂ ಬರುವುದಿಲ್ಲ. ತೋಳು ನೋವು, ಮೈ ಬೆಚ್ಚಗೆ, ಒಂದೆರಡು ದಿನ. ಶುಗರ್ ಕೆಲವರಿಗೆ ಸ್ವಲ್ಪ ಏರಬಹುದು, ಆಮೇಲೆ ಇಳಿಯುತ್ತದೆ. ಮನೆಯಲ್ಲಿ ಮೀಟರ್ ಇದ್ದರೆ ನೋಡಿಕೊಳ್ಳಿ.

ಮಂಡ್ಯ ಗೌಡ್ರು: ಹೋದ ವರ್ಷ ತಗೊಂಡಿದ್ದೆ, ಮತ್ತೆ...

ಡಾಕ್ಟರ್: ಮೇಲೆ ಎರಡು ಸಲ ಬರೆದಿದ್ದೇನೆ.

ದುಬೈ ಕನ್ನಡಿಗ: ನನ್ನ ಪ್ರಶ್ನೆಗೆ ಉತ್ತರ ಬರಲೇ ಇಲ್ಲ.

ಅಡಿಕೆ ಚಪ್ಪರ: ಕಂಪನಿಯವರಿಂದ ಎಷ್ಟು ಸಿಗುತ್ತದೆ ಅಂತ ಡಾಕ್ಟರ್ ಹೇಳಲಿ.

ನಿವೃತ್ತ ಮೇಷ್ಟ್ರು: ನಾಲಿಗೆ ಬಿಗಿಹಿಡಿದು ಮಾತಾಡಿ. ನಿಮ್ಮ ಫಾರ್ವರ್ಡಿನ ಕಷಾಯ ಕುಡಿದ ಮನುಷ್ಯ ಈಗ ಆಸ್ಪತ್ರೆ ದಾರಿಯಲ್ಲಿದ್ದಾರೆ.

ಅಡಿಕೆ ಚಪ್ಪರ: ನಾನು ಕುಡಿಯಲು ಹೇಳಿದ್ದು ಅವರಿಗಲ್ಲ.

ಡಾಕ್ಟರ್: ಇಲ್ಲಿ ಹಾಕಿದರೆ ಎಲ್ಲರಿಗೂ ಹೇಳಿದ ಹಾಗೆಯೇ. ಅಡ್ಮಿನ್, ಆ ಮೆಸೇಜ್ ತೆಗೆಯಿರಿ. ತೆಗೆಯುವ ತನಕ ನಾನು ಬೇರೆ ಪ್ರಶ್ನೆ ನೋಡುವುದಿಲ್ಲ.

ಅಡ್ಮಿನ್: ತೆಗೆದಿದ್ದೇನೆ. ಕ್ಷಮಿಸಿ ಡಾಕ್ಟ್ರೇ.

(ಮರುದಿನ ಬೆಳಿಗ್ಗೆ)

ತೀರ್ಥಹಳ್ಳಿ ಮಗಳು: ಡಾಕ್ಟ್ರೇ, ಕೀಟೋನ್ ಜಾಸ್ತಿ ಇತ್ತಂತೆ. ರಾತ್ರಿಯೆಲ್ಲಾ ಡ್ರಿಪ್, ಇನ್ಸುಲಿನ್. ಫ್ಲೂ ಅಂತಲೂ ಬಂದಿದೆ. ಈಗ ಉಸಿರು ಸರಿಯಾಗಿದೆ, ನನ್ನ ಹೆಸರು ಹಿಡಿದು ಕರೆದರು. ಅಮ್ಮನಿಗೂ ಶುಗರ್ ಇದೆ. ಅವರಿಗೆ ಲಸಿಕೆ ಹಾಕಿಸಬಹುದಾ?

ಡಾಕ್ಟರ್: ಸಮಾಧಾನ ಆಯಿತಮ್ಮ, ರಾತ್ರಿ ಮೂರು ಸಲ ಫೋನ್ ತೆಗೆದು ನೋಡಿದ್ದೆ. ಅಮ್ಮನಿಗೆ ಜ್ವರ ಇಲ್ಲದಿದ್ದರೆ ಇವತ್ತೇ ಹಾಕಿಸಿ, ನೀವೂ ಹಾಕಿಸಿಕೊಳ್ಳಿ. ಎರಡು ವಾರ ಆಗುವ ತನಕ ಅದರ ಬಲ ಪೂರ್ತಿ ಬರುವುದಿಲ್ಲ. ಅದಕ್ಕೇ ಅಪ್ಪನ ಹತ್ತಿರ ಹೋಗುವಾಗ ಮಾಸ್ಕ್ ಹಾಕಿಕೊಳ್ಳಿ. ಅಮ್ಮನಿಗೆ ಜ್ವರ ಕಾಣಿಸಿದರೆ ಅಲ್ಲಿನ ಡಾಕ್ಟರಿಗೆ ಅವತ್ತೇ ತೋರಿಸಿ. ಅಪ್ಪ ಪೂರ್ತಿ ಚೇತರಿಸಿಕೊಂಡ ಮೇಲೆ ಅವರಿಗೂ ಲಸಿಕೆ ಬೇಕು, ಒಂದು ಸಲ ಫ್ಲೂ ಬಂದು ಹೋಯಿತು ಅಂತ ಬಿಡಬೇಡಿ. ಡ್ಯಾಪಾಗ್ಲಿಫ್ಲೋಜಿನ್ ಮಾತ್ರೆಯನ್ನು ಡಾಕ್ಟರ್ ಹೇಳದೆ ಮತ್ತೆ ಶುರು ಮಾಡಬೇಡಿ. ಡಿಸ್ಚಾರ್ಜ್ ಚೀಟಿಯನ್ನು ಗುಂಪಿಗೆ ಹಾಕಬೇಡಿ, ನನಗೆ ಕಳಿಸಿ.